ಮಾನ್ಯ ಎಂಬಾಕೆ

ಬ್ರೇಕಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಹೆತ್ತವರಿಗೆ ಮಗಳ ಮೇಲೆ ಎಷ್ಟೇ ಸಿಟ್ಟಿದ್ದರೂ ಅಂಥ ಹೆಸರಿಡುವುದಿಲ್ಲ. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಟೀಚರು. ಕಲಿಯುವವರ ಪಕ್ಕದ ಸೀಟು ಅವಳದು. ಆ ಸೀಟಿನ ಮುಂದೆ, ಅವಳ ಕಾಲಿಗೆ ಸಿಗುವಂತೆ, ಶಾಲೆಯವರು ಇನ್ನೊಂದು ಬ್ರೇಕು ಹಾಕಿಸಿಕೊಟ್ಟಿದ್ದರು. ಸ್ಟೀರಿಂಗು ಇಲ್ಲ, ಗೇರು ಇಲ್ಲ, ಬರೀ ಬ್ರೇಕು. ಎಷ್ಟೋ ವರ್ಷಗಳಿಂದ ಅವಳ ಅಧಿಕಾರವೆಲ್ಲ ಆ ಒಂದು ಪೆಡಲಿನಲ್ಲೇ ಇತ್ತು, ಅದನ್ನವಳು ಧಾರಾಳವಾಗಿಯೇ ಚಲಾಯಿಸುತ್ತಿದ್ದಳು. ಹಣೆಯನ್ನು ಸ್ಟೀರಿಂಗಿಗೆ ಬಡಿಸಿಕೊಂಡ ಯಾವನೋ ವಿದ್ಯಾರ್ಥಿ ಈ ಹೆಸರಿಟ್ಟ. ಹೆಸರು ಉಳಿಯಿತು, ವಿದ್ಯಾರ್ಥಿ ಬೇರೆ ಶಾಲೆಗೆ ಹೋದ.

ಬ್ರೇಕು ಕಾರಿನಲ್ಲೇ ಉಳಿದಿದ್ದರೆ ಏನೂ ತೊಂದರೆ ಇರಲಿಲ್ಲ. ಅದು ಅವಳ ಕಾಲಿನ ಜೊತೆ ಮನೆಗೂ ಬರುತ್ತಿತ್ತು. ಟೀವಿಯಲ್ಲಿ ಯಾರಾದರೂ ಗಾಡಿಯನ್ನು ಜೋರಾಗಿ ತಿರುಗಿಸಿದರೆ ಸೋಫಾದಲ್ಲಿ ಕೂತವಳ ಕಾಲು ನೆಲವನ್ನು ಒತ್ತುತ್ತಿತ್ತು. ಗೋಡೆಗೆ ಬೇರೆ ಬಣ್ಣ ಹೊಡೆಸೋಣ ಎಂದರೂ ಒತ್ತುತ್ತಿತ್ತು. ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದರಂತೂ ಕೇಳುವುದೇ ಬೇಡ. "ಈಗ ಬೇಡ, ಆಮೇಲೆ ನೋಡೋಣ" ಎಂಬ ಮಾತು ಅವಳಿಗೆ ಉಸಿರಾಡಿದಷ್ಟು ಸಲೀಸು. ಹೀಗೆ ಆಮೇಲೆ ನೋಡೋಣ ಎಂದು ಎತ್ತಿಟ್ಟದ್ದನ್ನೆಲ್ಲ ಒಟ್ಟು ಮಾಡಿದರೆ ಇನ್ನೊಂದು ಸಂಸಾರ ಮಾಡಬಹುದಿತ್ತು.

ಗಿಫ್ಟ್ ಕಾರ್ಡುಗಳ ಕತೆಯೂ ಅದೇ. ಲೈಸೆನ್ಸು ಸಿಕ್ಕವರ ಕೈಯಿಂದ ಟೀಚರುಗಳು ದುಡ್ಡು ಮುಟ್ಟಬಾರದು ಎಂದು ಶಾಲೆಯ ಓನರು ಗೋಡೆಗೆ ಬೋರ್ಡು ಹಾಕಿಸಿದ್ದ. ದುಡ್ಡು ತಾನೇ ಬೇಡ ಎಂದು ಜನ ಕಾರ್ಡು ತಂದುಕೊಡತೊಡಗಿದರು. ಮೊದಲೇ ದುಡ್ಡು ತುಂಬಿಸಿಟ್ಟ, ಯಾವ ಅಂಗಡಿಯಲ್ಲಾದರೂ ಉಜ್ಜಬಹುದಾದ, ರಿಬ್ಬನ್ನಿನ ಚಿತ್ರ ಬರೆದ ಹೊಳೆಯುವ ಕಾರ್ಡು. ಬ್ರೇಕಮ್ಮ ಅವನ್ನು ಒಂದೊಂದಾಗಿ ತಂದು ಫ್ರಿಜ್ಜಿನ ಮೇಲಿದ್ದ ಬಿಸ್ಕತ್ತು ಡಬ್ಬಿಗೆ ಹಾಕಿ ಮರೆತುಬಿಡುತ್ತಿದ್ದಳು.

ಅವಳ ಗಂಡ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಕಣ್ಣಿನ ಡಾಕ್ಟರು ಚೀಟಿಯಲ್ಲಿ ಏನು ಬರೆದಿದ್ದಾರೋ ಅದನ್ನು ಒಂದು ಚುಕ್ಕೆಯೂ ಆಚೀಚೆ ಆಗದಂತೆ ನಕಲು ಮಾಡಿಕೊಂಡು, ಅದರಂತೆಯೇ ಗಾಜು ಮಾಡುವುದು ಅವನ ಪದ್ಧತಿ. ಚೀಟಿಯಲ್ಲಿ ತಪ್ಪಿದ್ದರೆ ತಪ್ಪನ್ನೇ ಅಷ್ಟೇ ನಿಷ್ಠೆಯಿಂದ ಕೂರಿಸುವವನು. "ಇದ್ದಂಗೇ ಬರೀಬೇಕು. ಯೋಚನೆ ಮಾಡಿದ್ರೆ ಯಾರದೋ ಕಣ್ಣು ಹೋಗುತ್ತೆ" ಎನ್ನುತ್ತಿದ್ದ. ಅವನ ಇಡೀ ವಾರದ ಮಾತಿನಲ್ಲಿ ಇದು ಅರ್ಧ. ಉಳಿದ ಅರ್ಧ "ಹೂಂ".

ಆ ಹೂಂ ಎಂಬುದೇ ಬ್ರೇಕಮ್ಮನ ಕೊರಗು. ದಿನವಿಡೀ ಲಾರಿಗಳ ಬಾಯಿಂದ, ಬಸ್ಸುಗಳ ಮೂತಿಯಿಂದ ತಪ್ಪಿಸಿಕೊಂಡು, ಯಾರ್ಯಾರದೋ ಕೈಗೆ ಜೀವ ಕೊಟ್ಟು ವಾಪಸು ಪಡೆದು ಮನೆಗೆ ಬಂದರೆ, ಗಂಡ ಕುರ್ಚಿಯಲ್ಲಿ ಕೂತಿರುತ್ತಿದ್ದ. "ಬಂದೆ" ಎಂದರೆ "ಹೂಂ". "ಇವತ್ತು ಒಬ್ಬ ನೇರ ಚರಂಡಿಗೇ ಇಳಿಸಿಬಿಡ್ತಿದ್ದ" ಎಂದರೂ "ಹೂಂ". ಊರಿಗೆಲ್ಲ ಕಣ್ಣು ಸರಿಮಾಡಿ ಕೊಡುವ ಮನುಷ್ಯ ತನ್ನತ್ತ ತಲೆಯೆತ್ತಿ ನೋಡುವುದಿಲ್ಲ. ಒಂದು ದಿನ ತಾನು ಬಾರದೇ ಹೋದರೆ ಇವನಿಗೆ ಗೊತ್ತಾಗುವುದಾದರೂ ಯಾವಾಗ, ಹಸಿವಾದಾಗಲೋ? ಜಗಳವಿಲ್ಲ, ಕುಡಿತವಿಲ್ಲ, ಕೆಟ್ಟ ಮಾತಿಲ್ಲ. ಯಾರ ಹತ್ತಿರವಾದರೂ ಹೇಳಿಕೊಂಡರೆ "ಅಯ್ಯೋ, ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದು ಅವಳಿಗೇ ಬುದ್ಧಿ ಹೇಳುತ್ತಿದ್ದರು. ಹಾಗಾಗಿ ಅವಳು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋಗಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಅವನ ಫೋನು ಟಿಣ್ ಎಂದು ಬೆಳಗಿತು. ಬ್ರೇಕಮ್ಮ ಇನ್ನೊಬ್ಬರ ಫೋನು ನೋಡುವವಳಲ್ಲ. ಆದರೆ ಬೆಳಗಿದ್ದನ್ನು ನೋಡದಿರಲು ಅವಳೇನು ಕಣ್ಣಿಲ್ಲದವಳೇ?

"ಪ್ರಿಯ ಮಾನ್ಯ, ನಿಮ್ಮಿಬ್ಬರಿಗಾಗಿ ಸರೋವರದ ಕಡೆಗಿನ ಕೋಣೆ ಸಿದ್ಧವಾಗಿರುತ್ತದೆ. ಶುಕ್ರವಾರ ನಿಮ್ಮ ದಾರಿ ಕಾಯುತ್ತಿರುತ್ತೇವೆ." ಕೆಳಗೆ ಒಂದು ಹೋಟೆಲಿನ ಹೆಸರು, ಒಂದು ಹೂವಿನ ಚಿತ್ರ.

ಅವಳ ಕಾಲು ತಾನಾಗಿಯೇ ನೆಲವನ್ನು ಒತ್ತಿತು, ಆದರೆ ಅಡುಗೆಮನೆ ನಿಂತೇ ಇತ್ತು, ಇನ್ನೇನನ್ನು ನಿಲ್ಲಿಸುವುದು? ಮಾನ್ಯ! ಹೆಸರಿನಲ್ಲೇ ವಯಸ್ಸು ತಿಳಿಯುತ್ತಿತ್ತು. ತನ್ನ ಕಾಲದಲ್ಲಿ ಯಾರೂ ಹೆಣ್ಣುಮಕ್ಕಳಿಗೆ ಮಾನ್ಯ ಗೀನ್ಯ ಎಂದು ಹೆಸರಿಡುತ್ತಿರಲಿಲ್ಲ. ಮೂವತ್ತು ದಾಟಿರಲಾರದು. ಕನ್ನಡಕ ಮಾಡಿಸಲು ಬಂದವಳೇ ಇರಬೇಕು. ಇವನು ಹೊಸ ಕನ್ನಡಕವನ್ನು ಅವಳ ಕಿವಿಗೆ ಮೆಲ್ಲಗೆ ಸಿಕ್ಕಿಸಿರಬೇಕು, ಅವಳು ಮೊದಲು ಕಂಡದ್ದು ಇವನ ಮುಖವೇ ಇರಬೇಕು. ಥೂ! ಇಷ್ಟನ್ನು ಕಟ್ಟಿಕೊಳ್ಳಲು ಬ್ರೇಕಮ್ಮನಿಗೆ ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಹಾಲಂತೂ ಉಕ್ಕಿಯೇ ಹೋಯಿತು.

ಹೋಟೆಲು, ಸರೋವರ ಎಂದರೆ ದುಡ್ಡು ಬೇಕಲ್ಲ, ಇವನ ಹತ್ತಿರ ಎಲ್ಲಿಂದ ಬಂತು ಎಂದು ಯೋಚಿಸಿದವಳಿಗೆ ತಟ್ಟನೆ ಏನೋ ಹೊಳೆದು ಫ್ರಿಜ್ಜಿನ ಮೇಲಿನ ಡಬ್ಬಿ ಇಳಿಸಿದಳು. ಖಾಲಿ. ಒಂದು ಒಣ ಬಿಸ್ಕತ್ತಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ನನ್ನ ಕಾರ್ಡು, ಅವಳ ಸರೋವರ! ಗಂಡಸು ಇನ್ನೊಬ್ಬಳ ಹಿಂದೆ ಹೋಗುವುದು ಲೋಕದಲ್ಲಿ ಕೇಳಿದ್ದೇ, ಆದರೆ ಹೆಂಡತಿಯ ಗಿಫ್ಟ್ ಕಾರ್ಡಿನಲ್ಲಿ ಹೋಗುವುದೇ?

ಸ್ನಾನ ಮುಗಿಸಿ ಬಂದ ಗಂಡನನ್ನು ಆಗಲೇ ಹಿಡಿದು ಕೇಳಬಹುದಿತ್ತು. ಕೇಳಲಿಲ್ಲ. ಲಾರಿಗೆ ಹೆದರದವಳು ಇದಕ್ಕೆ ಹೆದರಿದಳು. "ನಿಮಗೆ ಇನ್ನೊಬ್ಬಳಿದಾಳಾ?" ಎಂದು ಕೇಳಿ, ಅವನು ಎಂದಿನಂತೆ "ಹೂಂ" ಎಂದುಬಿಟ್ಟರೆ?

ಮಧ್ಯಾಹ್ನ ಹಲ್ಲಿನ ಡಾಕ್ಟರ ಪಾಠವಿತ್ತು. ಊರಿನ ದವಡೆಗಳನ್ನೆಲ್ಲ ಅಲ್ಲಾಡಿಸಿದ ಗಟ್ಟಿಗಿತ್ತಿ ಆಕೆ, ಆದರೆ ಸ್ಟೀರಿಂಗು ಹಿಡಿದಳೆಂದರೆ ತಾನೇ ರೋಗಿಯ ಕುರ್ಚಿಯಲ್ಲಿ ಕೂತವಳಂತೆ ಬಿಗಿದುಕೊಳ್ಳುತ್ತಿದ್ದಳು. ತಿಂಗಳುಗಟ್ಟಲೆ ಕಲಿತರೂ ಎರಡನೇ ಗೇರು ದಾಟಿರಲಿಲ್ಲ. ಕಾರು ಕನ್ನಡಕದ ಅಂಗಡಿಯ ಬೀದಿಗೆ ಬರುವುದಕ್ಕೂ, ಬ್ರೇಕಮ್ಮನ ಗಂಡ ಅಂಗಡಿಯಿಂದ ಇಳಿದು ಸೈಕಲ್ ಹತ್ತುವುದಕ್ಕೂ ಸರಿಹೋಯಿತು. ಊಟದ ಹೊತ್ತಿನಲ್ಲಿ ಅವನು ಎಂದೂ ಹೊರಗೆ ಹೋದವನಲ್ಲ. ಬ್ರೇಕಮ್ಮನ ಕಿವಿ ನೆಟ್ಟಗಾಯಿತು.

"ಡಾಕ್ಟ್ರೇ, ಅಗೋ ಆ ಸೈಕಲ್ ಕಾಣ್ತಿದೆಯಾ, ನೀಲಿ ಅಂಗಿ? ಅದರ ಹಿಂದೆ ಹೋಗಿ."

"ಇವತ್ತು ರಿವರ್ಸ್ ಹೇಳ್ಕೊಡ್ತೀನಿ ಅಂದಿದ್ರಲ್ಲ ಮೇಡಂ."

"ರಿವರ್ಸ್ ಎಲ್ಲೂ ಓಡಿಹೋಗಲ್ಲ. ಆ ಸೈಕಲ್ ಓಡಿಹೋಗುತ್ತೆ. ನಡೀರಿ."

ಗುಟ್ಟಾಗಿ ಯಾರನ್ನಾದರೂ ಹಿಂಬಾಲಿಸಬೇಕೆಂದರೆ ಡ್ರೈವಿಂಗ್ ಶಾಲೆಯ ಕಾರಿಗಿಂತ ಕೆಟ್ಟ ವಾಹನ ಇನ್ನೊಂದಿಲ್ಲ. ತಲೆಯ ಮೇಲೆ ಅಷ್ಟೆತ್ತರದ ಹಳದಿ ಬೋರ್ಡು, ಅದರ ಮೇಲೆ ಶಾಲೆಯ ಹೆಸರು, ಫೋನ್ ನಂಬರು, ಹಿಂದುಗಡೆ "ದೂರವಿರಿ, ಕಲಿಯುತ್ತಿದ್ದೇವೆ" ಎಂಬ ವಿನಂತಿ. ಸೈಕಲ್ಲು ಆಮೆಯಂತೆ, ಅದರ ಹಿಂದೆ ಕಾರು ಆಮೆಯ ಮರಿಯಂತೆ, ಅದರ ಹಿಂದೆ ಹಾರ್ನು ಬಡಿಯುತ್ತ ಅರ್ಧ ಊರು. ಇಷ್ಟಾದರೂ ಗಂಡ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನೋಡುವ ಅಭ್ಯಾಸವಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಬಿಡಿ.

ಅವನು ಮೊದಲು ಬ್ಯಾಗು ರಿಪೇರಿಯವನ ಹತ್ತಿರ ನಿಂತು, ಚಕ್ರ ಹಾಕಿಸಿದ ಸೂಟ್‌ಕೇಸ್ ತೆಗೆದುಕೊಂಡು ಕ್ಯಾರಿಯರಿಗೆ ಕಟ್ಟಿದ. ಆಮೇಲೆ ಹೆಂಗಸರ ಬಟ್ಟೆಯಂಗಡಿಗೆ ಹೋದ. ಗಾಜಿನ ಬಾಗಿಲಿನಾಚೆ ಅವನು ಮಾಡುವುದೆಲ್ಲ ಕಾರಿನಿಂದ ಕಾಣುತ್ತಿತ್ತು. ಅಗಲ ಅಂಚಿನ ಬಿಸಿಲು ಟೋಪಿಗಳನ್ನು ಒಂದೊಂದಾಗಿ ಎತ್ತಿ, ತನ್ನ ತಲೆಗೇ ಇಟ್ಟುಕೊಂಡು ಕನ್ನಡಿ ನೋಡಿ, ಬೇಡವೆಂದು ತಲೆಯಾಡಿಸಿ, ಇನ್ನೊಂದು ಎತ್ತುತ್ತಿದ್ದ. ಕೊನೆಗೆ ಹಸಿರು ಪಟ್ಟಿಯ ಟೋಪಿಯೊಂದನ್ನು ಕೊಂಡು, ಮಡಚಲಾಗದೆ, ಕೈಯಲ್ಲೇ ಹಿಡಿದುಕೊಂಡು ಬಂದ. ಇಷ್ಟು ವರ್ಷದಲ್ಲಿ ತನಗೊಂದು ಕರವಸ್ತ್ರ ತಂದುಕೊಟ್ಟವನಲ್ಲ. ಬ್ರೇಕಮ್ಮನ ಕಣ್ಣು ತುಂಬಿತು. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಆದರೆ ಅದು ಸಿಟ್ಟಲ್ಲ, ಅಳುವೇ.

"ಯಾರು ಮೇಡಂ ಅವರು?" ಎಂದಳು ಹಲ್ಲಿನ ಡಾಕ್ಟರು.

"ನಮ್ಮ ಮನೆಯವರು."

"ಓ! ಟೋಪಿ ನಿಮಗಾ?"

"ಅಲ್ಲ. ಮಾನ್ಯ ಅನ್ನೋಳಿಗೆ."

ಡಾಕ್ಟರ ದವಡೆ ಬಿಗಿಯಿತು. "ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ" ಎಂದವಳೇ, ಜನ್ಮದಲ್ಲಿ ಮೊದಲ ಬಾರಿಗೆ ಮೂರನೇ ಗೇರಿಗೆ ಹಾಕಿ ಸೈಕಲ್ಲಿನ ಬೆನ್ನಿಗೆ ಕಾರು ನುಗ್ಗಿಸಿದಳು. ಕಲಿಸಿದವಳಿಗೆ ಹೆಮ್ಮೆಯಾಗಬೇಕಾದ ಹೊತ್ತು. ಆದರೆ ಬ್ರೇಕಮ್ಮನ ಕಾಲು ಅವಳನ್ನು ಕೇಳಿ ಕೆಲಸ ಮಾಡುವುದಲ್ಲವಲ್ಲ, ದಬಕ್ಕನೆ ಒತ್ತಿಬಿಟ್ಟಿತು. ಕಾರು ನಾಲ್ಕು ರಸ್ತೆ ಕೂಡುವಲ್ಲಿ, ನಟ್ಟನಡುವೆ, ಕೆಮ್ಮಿ ಸತ್ತಿತು.

ಎಲ್ಲ ಕಡೆಯಿಂದ ಹಾರ್ನುಗಳು ಶುರುವಾದವು. ಡಾಕ್ಟರು ಚಾವಿ ತಿರುಗಿಸಿದಳು, ವೈಪರ್ ಓಡಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಸಹಾಯಕ್ಕೆ ಬಂದು ಕಿಟಕಿ ತಟ್ಟಿದ. "ತಳ್ಳಬೇಕೇನ್ರೀ?" ಎಂದು ಬಗ್ಗಿ ನೋಡಿದವನು ಒಳಗೆ ಹೆಂಡತಿಯನ್ನು ಕಂಡು ಟೋಪಿಯನ್ನು ಬೆನ್ನ ಹಿಂದೆ ಅಡಗಿಸಿದ. ಅಷ್ಟು ಅಗಲದ ಟೋಪಿ ಅಷ್ಟು ಸಣ್ಣ ಬೆನ್ನಿನ ಹಿಂದೆ ಅಡಗುವುದುಂಟೇ? ಎರಡೂ ಕಡೆ ಇಣುಕುತ್ತಿತ್ತು.

"ಮಾನ್ಯ ಯಾರು?" ಎಂದಳು ಬ್ರೇಕಮ್ಮ.

"ಹೂಂ?"

"ಹೂಂಗುಟ್ಟಬೇಡಿ! ಮಾನ್ಯ ಯಾರು ಅಂತ ಕೇಳಿದೆ."

"ಯಾವ ಮಾನ್ಯ?"

"ಸರೋವರದ ಮಾನ್ಯ! ನನ್ನ ಕಾರ್ಡಲ್ಲಿ ಹೋಟೆಲ್ ರೂಮ್ ಹಿಡಿದಿರೋ ಮಾನ್ಯ!"

"ಹೇಳಿಬಿಡಿ ಸಾರ್," ಎಂದಳು ಡಾಕ್ಟರು ಆ ಕಡೆಯಿಂದ, ಅಭ್ಯಾಸಬಲದಿಂದ, "ನೋವು ಸ್ವಲ್ಪ ಹೊತ್ತು ಅಷ್ಟೇ ಇರೋದು."

ಗಂಡ ಟೋಪಿಯನ್ನು ಕಾರಿನ ಮೇಲಿಟ್ಟು, ಅಂಗಿಯ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಾರ್ಡುಗಳ ಕಟ್ಟು ತೆಗೆದ. ಮೇಲಿನ ಕಾರ್ಡನ್ನು ಅವಳ ಕಣ್ಣಿಗೆ ಎಷ್ಟು ದೂರದಲ್ಲಿ ಹಿಡಿದರೆ ಕಾಣುವುದೋ ಅಷ್ಟೇ ದೂರದಲ್ಲಿ ಹಿಡಿದ. ಬ್ಯಾಂಕಿನ ಕಾರ್ಡಾಗಿದ್ದರೆ ಯಜಮಾನನ ಹೆಸರಿರಬೇಕಾದ ಜಾಗದಲ್ಲಿ, ಕೊಳ್ಳುವಾಗ ಯಾರಿಗೆ ಸಿಗುವುದೋ ಗೊತ್ತಿಲ್ಲದ್ದರಿಂದ, ಕಂಪನಿಯವರು ಮರ್ಯಾದೆಗಾಗಿ ಅಚ್ಚು ಹಾಕಿಸಿದ್ದರು: ಮಾನ್ಯ ಗ್ರಾಹಕ.

"ಹೋಟೆಲ್ ಫಾರಮ್ಮಲ್ಲಿ, ಕಾರ್ಡಲ್ಲಿ ಇದ್ದಂಗೇ ಹೆಸರು ಬರೀರಿ ಅಂತ ಇತ್ತು," ಎಂದ ಅವನು. "ಇದ್ದಂಗೇ ಬರೆದೆ. ಹೆಸರು ಅನ್ನೋ ಕಡೆ ಮಾನ್ಯ. ಮನೆತನ ಅನ್ನೋ ಕಡೆ ಗ್ರಾಹಕ."

"ಅಂದ್ರೆ... ಮಾನ್ಯ ಅಂದ್ರೆ?"

ಅವನು ಸ್ವಲ್ಪ ಯೋಚಿಸಿದ. "ನೀನೇ ಇರ್ಬೇಕು. ಗ್ರಾಹಕ ನಾನು."

ಡಾಕ್ಟರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಳು, ತಲೆ ತಗುಲಿ ಹಾರ್ನು ಹೊಡೆಯಿತು. ಬ್ರೇಕಮ್ಮನಿಗೆ ಮಾತ್ರ ನಗುವುದೋ ನಾಚುವುದೋ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಶಾಪ ಹಾಕಿದ್ದೆಲ್ಲ ತನಗೇ ಬಿತ್ತಲ್ಲ! "ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು.

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಕಾರ್ಡುಗಳ ಅವಧಿ ಬೇರೆ ಮುಗೀತಾ ಬಂದಿತ್ತು."

ಮೊದಲನೇ ಮಾತು ನಿಜವೇ ಆಗಿತ್ತು. ಎರಡನೇ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಮಾನ್ಯ ಇಲ್ಲ ಎಂದಾಯಿತು, ಸಂತೋಷ. ಆದರೆ ಈ ಮನುಷ್ಯ ಹೊರಟಿರುವುದು ತನಗಾಗಿಯೋ, ಕಾರ್ಡು ಹಾಳಾಗಬಾರದೆಂದೋ? ಹಳೆಯ ಕೊರಗೇ ಹೊಸ ಅಂಗಿ ತೊಟ್ಟುಕೊಂಡು ಬಂದು ನಿಂತಿತು. ಕೇಳಲು ಮತ್ತೆ ಧೈರ್ಯವಾಗಲಿಲ್ಲ.

ಶುಕ್ರವಾರ ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವಳು ಬಸ್ಸಿಗೆ ಬ್ರೇಕು ಹಾಕಿದ್ದು ಡ್ರೈವರಿಗೆ ಗೊತ್ತಾಗಲಿಲ್ಲ, ಮುಂದಿನ ಸೀಟಿನವನಿಗೆ ಗೊತ್ತಾಯಿತು.

ಹೋಟೆಲಿನ ಕೌಂಟರಿನಲ್ಲಿ ಕಪ್ಪು ಕೋಟಿನ ಹುಡುಗಿ ಕಂಪ್ಯೂಟರು ನೋಡಿ, "ಸ್ವಾಗತ ಮಾನ್ಯ ಮೇಡಂ!" ಎಂದಳು. ಗುರುತಿನ ಚೀಟಿ ನೋಡಿ ಅವಳಿಗೂ ನಗು ಬಂತು. "ಗಿಫ್ಟ್ ಕಾರ್ಡಲ್ಲಿ ಬುಕ್ ಮಾಡಿದ್ರಾ? ಹೋದ ವಾರ ಇನ್ನೊಬ್ರು ಮಾನ್ಯ ಬಂದಿದ್ರು ಮೇಡಂ. ಅವರಿಗೆ ಇಷ್ಟುದ್ದ ಗಡ್ಡ ಇತ್ತು."

ನಗು ಅಲ್ಲಿಗೆ ಮುಗಿಯಿತು. ಕಾರ್ಡುಗಳನ್ನು ಒಂದರ ಹಿಂದೊಂದು ಉಜ್ಜಿ ಕೋಣೆಯ ಬಾಡಿಗೆ ಏನೋ ತೀರಿತು, ಆದರೆ ಹೋಟೆಲಿಗೆ ಅದರ ಮೇಲೆ ಒಂದಿಷ್ಟು ಅಡ್ವಾನ್ಸ್ ಬೇಕಿತ್ತು. ಉಳಿದ ಚೂರುಪಾರು ಕಾರ್ಡುಗಳನ್ನು ಇಟ್ಟರೆ ಯಂತ್ರ ಪ್ರತಿ ಸಲವೂ ಎಲ್ಲರಿಗೂ ಕೇಳುವಂತೆ ಕೊಂಯ್ ಎಂದು ಬೇಡವೆನ್ನುತ್ತಿತ್ತು. ಹಿಂದೆ ಪೆಟ್ಟಿಗೆಗಳ ಜೊತೆ ಜನ ನಿಂತಿದ್ದರು. ಯಾರೋ ಗಡಿಯಾರ ನೋಡಿಕೊಂಡರು.

"ಇದು ಖರ್ಚಲ್ಲ ಮೇಡಂ," ಎಂದಳು ಹುಡುಗಿ ಮೆಲ್ಲಗೆ. "ಕೋಣೇಲಿ ಏನಾದ್ರೂ ಒಡೆದುಹೋದ್ರೆ ಅಂತ ಸ್ವಲ್ಪ ದುಡ್ಡು ತಡೆಹಿಡಿದಿರ್ತೀವಿ. ನೀವು ಹೊರಡುವಾಗ ಬಿಟ್ಟುಬಿಡ್ತೀವಿ. ಅದಕ್ಕೆ ಗಿಫ್ಟ್ ಕಾರ್ಡ್ ಸಾಲಲ್ಲ. ನಿಮ್ಮದೇ ಹೆಸರಿರೋ ಬ್ಯಾಂಕ್ ಕಾರ್ಡ್ ಇದ್ರೆ ಕೊಡಿ."

"ನಡೀರಿ, ವಾಪಸ್ ಹೋಗೋಣ" ಎಂಬ ಮಾತು ಬ್ರೇಕಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಗಂಡನತ್ತ ನೋಡಿದಳು. ಅವನು ಕಾರ್ಡುಗಳ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪರೀಕ್ಷೆಯಲ್ಲಿ ಫೇಲಾದವನ ಹಾಗೆ ನಿಂತಿದ್ದ. ಹಾಗೆ ನಿಂತವರನ್ನು ಅವಳು ಕೆಲಸದಲ್ಲಿ ಬೇಕಾದಷ್ಟು ನೋಡಿದ್ದಳು, ಬಯ್ಯಲು ಬಾಯಿ ಬರುತ್ತಿರಲಿಲ್ಲ.

"ಅಂದ್ರೆ," ಎಂದಳು ಹುಡುಗಿಗೆ, "ಬ್ರೇಕ್ ಮೇಲೆ ಕಾಲಿಟ್ಟಿರ್ತೀರಿ, ಆದ್ರೆ ಒತ್ತಲ್ಲ. ಹಾಗೆ ತಾನೇ?"

"ಹಾಗೇ ಮೇಡಂ!"

ಇದು ಅರ್ಥವಾಗುವ ಮಾತು. ಬ್ರೇಕಮ್ಮ ಪರ್ಸಿನಿಂದ ತನ್ನ ಸಂಬಳದ ಕಾರ್ಡು ತೆಗೆದು ಕೊಟ್ಟಳು. ಯಂತ್ರ ಸುಮ್ಮನೆ ನುಂಗಿಕೊಂಡಿತು. ಬುಕಿಂಗಿನ ಹೆಸರು ಬದಲಾಯಿಸಲು ಕಂಪ್ಯೂಟರು ಒಪ್ಪಲಿಲ್ಲವಾದ್ದರಿಂದ, ಕೋಣೆಯ ಟೀವಿಯಲ್ಲಿ, ಮೇಜಿನ ಮೇಲಿನ ಸ್ವಾಗತದ ಚೀಟಿಯಲ್ಲಿ, ಫೋನೆತ್ತಿದರೆ ಆ ಕಡೆಯ ದನಿಯಲ್ಲಿ, ಎಲ್ಲೆಲ್ಲೂ ಮಾನ್ಯ ಮೇಡಮ್ಮೇ.

ಆ ದಿನ ಅಷ್ಟೇನೂ ಚೆನ್ನಾಗಿ ಕಳೆಯಲಿಲ್ಲ. ಕೋಣೆ ಚೆನ್ನಾಗಿತ್ತು. ಹಾಸಿಗೆಗೆ ಹೊದಿಕೆಯನ್ನು ಎಷ್ಟು ಬಿಗಿಯಾಗಿ ಸಿಕ್ಕಿಸಿದ್ದರೆಂದರೆ ಕಾಲು ತೂರಿಸಲು ಜಗಳವಾಡಬೇಕಿತ್ತು. ಕಿಟಕಿಯಾಚೆ ಸರೋವರ, ಅದರ ಮೇಲೆ ಬಾತುಕೋಳಿಯಾಕಾರದ ತುಳಿಯುವ ದೋಣಿಗಳು. ಬ್ರೇಕಮ್ಮ ಕುಡಿದ ಲೋಟ ತೊಳೆದಿಟ್ಟಳು, ಗುಡಿಸುವವರು ಬರುವ ಮುಂಚೆ ನೆಲ ಒರೆಸಿದಳು, ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ರಿವರ್ಸ್ ಹೇಗೆಂದು ವಿವರಿಸಿದಳು, ಇನ್ಯಾರಿಗೋ ಕ್ಲಚ್ಚಿನ ಬಗ್ಗೆ ಬುದ್ಧಿ ಹೇಳಿದಳು. ಗಂಡ ಬಾಗಿಲ ಹಿಂದೆ ಅಂಟಿಸಿದ್ದ, ಬೆಂಕಿ ಬಿದ್ದರೆ ಓಡಬೇಕಾದ ದಾರಿಯ ನಕಾಶೆಯನ್ನು ನಿಧಾನವಾಗಿ ಓದಿದ. ಸಂಜೆ ಸರೋವರದ ದಂಡೆಯಲ್ಲಿ ನಡೆದರು, ಅವನು ಮುಂದೆ, ಹಸಿರು ಪಟ್ಟಿಯ ಟೋಪಿ ಹಾಕಿಕೊಂಡು ಅವಳು ಹಿಂದೆ. "ಚೆನ್ನಾಗಿದೆ ಅಲ್ವಾ?" ಎಂದಳು. "ಹೂಂ" ಎಂದ. ಮನೆಯಲ್ಲಾದರೆ ಇದು ಪುಕ್ಕಟೆ ಸಿಗುತ್ತಿತ್ತು ಎಂದುಕೊಂಡಳು ಬ್ರೇಕಮ್ಮ.

ಮರುದಿನ ಬೆಳಿಗ್ಗೆ ತಿಂಡಿಗೆ ಜಗಲಿಯ ಮೇಜಿನಲ್ಲಿ ಕೂತಿದ್ದರು. ಸಪ್ಲೈಯರು ಬಂದು, "ಮಾನ್ಯ ಮೇಡಂ, ಕಾಫಿ ತರ್ಲಾ?" ಎಂದು ಕೇಳಿ, ಗಂಡನತ್ತ ತಿರುಗಿ, "ಸಾರ್ ನಿಮ್ಮ ಹೆಸರು ಬುಕಿಂಗಲ್ಲಿ ಇಲ್ಲ. ನೀವು ಮಾನ್ಯ ಮೇಡಂ ಅವರ...?" ಎಂದು ಎಳೆದ.

"ಪರಿಚಯದವರು," ಎಂದ ಗಂಡ.

ಸಪ್ಲೈಯರು ಮೇಲೆ ಕೆಳಗೆ ನೋಡುತ್ತ ಹೋದ. ಬ್ರೇಕಮ್ಮ ಬಾಯಿ ತೆರೆದುಕೊಂಡು ಗಂಡನನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ, ಆದರೆ ಕಿವಿ ಎರಡೂ ಕೆಂಪಗಾಗಿದ್ದವು.

"ಮಾನ್ಯ ಅವರೇ, ಇದನ್ನ ತಗೊಳ್ಳಿ," ಎಂದು ಬೆಣ್ಣೆ ಹಚ್ಚಿದ ತುಂಡನ್ನು ಅವಳ ತಟ್ಟೆಗಿಟ್ಟ.

ತಗೊಳ್ಳಿ! ಮದುವೆಯಾದಂದಿನಿಂದ ಅವಳು ಅವನಿಗೆ "ನೀನು", ಅದೂ ಅಪರೂಪಕ್ಕೆ, ಹೆಚ್ಚಾಗಿ "ಇವಳೇ". ಈಗ ಬಹುವಚನ ಕಿವಿಗೆ ಬಿದ್ದದ್ದೇ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಆಟ ಗೊತ್ತಾಯಿತು. ಆಡೋಣ ಎನಿಸಿತು.

"ಥ್ಯಾಂಕ್ಸ್," ಎಂದಳು ಮಾನ್ಯಳ ದನಿಯಲ್ಲಿ. "ಒಬ್ಬರೇ ಬಂದಿದೀರಾ?"

"ಇಲ್ಲ, ನಮ್ಮ ಮನೆಯವಳೂ ಬಂದಿದಾಳೆ."

"ಹೌದಾ? ಎಲ್ಲೂ ಕಾಣ್ತಿಲ್ಲ?"

"ಅವಳು ಇನ್ನೂ ಊರಲ್ಲೇ ಇದಾಳೆ. ಯಾರಿಗೋ ರಿವರ್ಸ್ ಹೇಳ್ಕೊಡ್ತಿದಾಳೆ."

ಬ್ರೇಕಮ್ಮನಿಗೆ ಕೆಮ್ಮು ಬಂತು. ಅವನು ನೀರಿನ ಲೋಟ ಮುಂದೆ ಸರಿಸಿದ. ಇವನಿಗೆ ತಮಾಷೆ ಬರುತ್ತದೆಂದು ಇಷ್ಟು ವರ್ಷ ಯಾರೂ ತನಗೆ ಹೇಳಿರಲಿಲ್ಲವಲ್ಲ! ನೀರು ಕುಡಿದು, ಟೋಪಿಯ ಅಂಚಿನ ಕೆಳಗೆ ಮುಖ ಮರೆಮಾಡಿಕೊಂಡು, ಬ್ರೇಕಮ್ಮ ಕೇಳಲಾಗದ್ದನ್ನು ಮಾನ್ಯ ಕೇಳಿದಳು.

"ಕಾರ್ಡಿನ ಅವಧಿ ಮುಗೀತಿತ್ತಂತೆ, ಅದಕ್ಕೆ ಹೆಂಡ್ತೀನ ಕರ್ಕೊಂಡು ಬಂದ್ರಂತೆ?"

"ಅವಧಿ ಇನ್ನೂ ಬೇಕಾದಷ್ಟಿತ್ತು. ಸುಮ್ನೆ ಅಂದೆ."

"ಮತ್ತೆ ಯಾಕೆ ಕರ್ಕೊಂಡು ಬಂದ್ರಿ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಕನ್ನಡಕ ತೆಗೆದರೆ ಅವನಿಗೆ ಎದುರಿಗಿದ್ದವರ ಮುಖ ಮಬ್ಬಾಗುತ್ತದೆ, ಬಹುಶಃ ಅದಕ್ಕೇ ತೆಗೆದ.

"ಎರಡು ದಿನ ಸಾಯಂಕಾಲ ಅವಳು ರೋಡಲ್ಲಿ ಇರಬಾರದು ಅಂತ," ಎಂದ. "ನೋಡಿ ಮಾನ್ಯ ಅವರೇ, ಅಂಗಡಿ ಮುಚ್ಚಿದ ಮೇಲೆ ನಾನು ಮನೆಗೆ ಹೋಗಲ್ಲ. ನೀರಿನ ಟ್ಯಾಂಕ್ ಹತ್ರ ನಿಂತ್ಕೋತೀನಿ. ಅಲ್ಲಿಂದ ದೊಡ್ಡ ರಸ್ತೆ ಕಾಣುತ್ತೆ. ಅವಳ ಕಾರು ತಿರುವಿಗೆ ಬಂದಿದ್ದು ಕಂಡ ಮೇಲೆ ಸೈಕಲ್ ಹತ್ತಿ ಒಳದಾರೀಲಿ ಹೋಗಿ ಮನೇಲಿ ಕೂತಿರ್ತೀನಿ. ಏದುಸಿರು ಬಿಡ್ತಿರ್ತೀನಲ್ಲ, ಮಾತಾಡೋಕೆ ಆಗಲ್ಲ. ಹೂಂ ಅಂತೀನಿ."

ಬ್ರೇಕಮ್ಮನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

"ಒಂದ್ಸಲ ಅಂಗಡೀಲಿ ಯಾರೋ ಬಂದು, ಡ್ರೈವಿಂಗ್ ಶಾಲೆ ಕಾರು ಗುದ್ದಿದೆ, ಟೀಚರಿಗೆ ಏಟಾಗಿದೆ ಅಂದ್ರು. ಓಡಿದೆ. ಬೇರೆ ಶಾಲೆ ಕಾರು, ಬೇರೆ ಟೀಚರು. ವಾಪಸ್ ಬಂದು ಗಾಜು ಕೂರಿಸೋಕೆ ಕೂತೆ. ಎಡಗಣ್ಣಿಂದು ಬಲಗಡೆ ಕೂರಿಸಿದೀನಿ, ಬಲಗಣ್ಣಿಂದು ಎಡಗಡೆ. ಆ ಮನುಷ್ಯ ಹಾಕ್ಕೊಂಡು ಹೋಗಿ ಮೆಟ್ಟಿಲಲ್ಲಿ ಬಿದ್ದ. ಅವತ್ತಿಂದ ಟ್ಯಾಂಕ್ ಹತ್ರ ನಿಲ್ಲೋದು."

"ಇದನ್ನ ಅವರಿಗೆ ಯಾಕೆ ಹೇಳ್ಲಿಲ್ಲ?" ದನಿ ಮಾನ್ಯಳದೋ ಬ್ರೇಕಮ್ಮನದೋ ತಿಳಿಯಲಿಲ್ಲ.

"ಹೇಳಿದ್ರೆ ಕೆಲಸ ಬಿಟ್ಟುಬಿಡ್ತಾಳೆ. ಅವಳಿಗೆ ಆ ಕೆಲಸ ಅಂದ್ರೆ ಪ್ರಾಣ. ನಿಮಗೆ ಹೇಳಿದ್ದು ಅವಳಿಗೆ ಗೊತ್ತಾಗೋದು ಬೇಡ."

ಬ್ರೇಕಮ್ಮನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ಭಾರಿ ಸಿಟ್ಟೂ ಬಂತು, ಅದೂ ಮಾನ್ಯಳ ಮೇಲೆ. ಇಷ್ಟು ವರ್ಷ ಅಡುಗೆ ಮಾಡಿ ಬಡಿಸಿ, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕಿ, ಹೂಂ ಕೇಳಿಕೊಂಡು ಬಿದ್ದಿದ್ದವಳು ತಾನು. ನಿನ್ನೆ ಮೊನ್ನೆ ಒಂದು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಹುಟ್ಟಿದವಳು ಬಂದು ಎಲ್ಲವನ್ನೂ ಒಂದೇ ಬೆಳಿಗ್ಗೆ ಕೇಳಿಸಿಕೊಂಡು ಹೋಗುವುದೆಂದರೆ? ಅವಳು ಟೋಪಿ ತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲೆ ಕುಕ್ಕಿದಳು.

"ಮಾನ್ಯ ಎದ್ದುಹೋದ್ಲು," ಎಂದಳು. "ಕನ್ನಡಕ ಹಾಕ್ಕೊಳ್ಳಿ. ಹಾಕ್ಕೊಂಡು, ನನ್ನ ಮುಖ ನೋಡ್ಕೊಂಡು, ಈಗ ನನಗೆ ಹೇಳಿ."

ಅವನು ಕನ್ನಡಕ ಹಾಕಿಕೊಂಡ. ನೋಡಿದ. ಮಾನ್ಯಳ ಮುಂದೆ ನೀರಿನಂತೆ ಹರಿದ ಮಾತು ಹೆಂಡತಿಯ ಮುಂದೆ ಹೊರಡಲೇ ಇಲ್ಲ. "ಸಾಯಂಕಾಲ ಆಯ್ತು ಅಂದ್ರೆ..." ಎಂದು ನಿಂತ. ಬೇರೆ ದಿನವಾಗಿದ್ದರೆ ಉಳಿದದ್ದನ್ನು ಅವಳೇ ಹೇಳಿ ಮುಗಿಸುತ್ತಿದ್ದಳು. ಇವತ್ತು ಸಹಾಯ ಮಾಡಲಿಲ್ಲ, ಸುಮ್ಮನೆ ಕಾದಳು.

"ಸಾಯಂಕಾಲ ಆಯ್ತು ಅಂದ್ರೆ ನಂಗೆ ಭಯ."

"ಯಾಕೆ, ನನ್ನ ಕಂಡ್ರೆ ಭಯಾನಾ?"

"ನೀನು ಕಾಣದೇ ಇದ್ರೆ."

ಬ್ರೇಕಮ್ಮ ಜೋರಾಗಿ ಅತ್ತುಬಿಟ್ಟಳು. ನಾಲ್ಕು ಜನ ತಿರುಗಿ ನೋಡುವಂತೆ, ಮೂಗು ಸೊರಗುಟ್ಟಿಸಿಕೊಂಡು, ಹೋಟೆಲಿನ ಬಿಳೀ ಕರವಸ್ತ್ರವನ್ನು ಹಿಂಡಿ ಹಿಪ್ಪೆ ಮಾಡಿ ಅತ್ತಳು. ಕಾಫಿ ತಂದ ಸಪ್ಲೈಯರು ಗಾಬರಿಯಾಗಿ ತಟ್ಟೆ ಹಿಡಿದುಕೊಂಡೇ ನಿಂತ.

"ಮಾನ್ಯ ಮೇಡಂಗೆ ಏನಾಯ್ತು ಸಾರ್?"

"ಅವರು ಹೋದ್ರು," ಎಂದ ಗಂಡ, ಅವಳಿಂದ ಕಣ್ಣು ತೆಗೆಯದೆ. "ಇವರು ನಮ್ಮ ಮನೆಯವರು. ಈಗಷ್ಟೇ ಬಂದ್ರು."